ಸಿಹಿ ಪುಡಿ, ಕಹಿ ಪುಡಿ

ಹಾಲಿನ ಸಕ್ಕರೆಯನ್ನು ಕ್ಯಾಪ್ಸೂಲಿಗೆ ತುಂಬಿ ಸಂಬಳ ತೆಗೆದುಕೊಂಡವಳು ನಾನು. ಅರ್ಧ ಕ್ಯಾಪ್ಸೂಲುಗಳಲ್ಲಿ ಔಷಧಿಯೂ ಇರುತ್ತಿತ್ತೆನ್ನಿ. ಆದರೆ ಯಾವುದರಲ್ಲಿ ಔಷಧಿ, ಯಾವುದರಲ್ಲಿ ಬರೀ ಸಕ್ಕರೆ ಎನ್ನುವುದು ಇಡೀ ಕ್ಲಿನಿಕ್ಕಿನಲ್ಲಿ ನನಗೊಬ್ಬಳಿಗೇ ಗೊತ್ತಿರುತ್ತಿತ್ತು. ಡಾಕ್ಟರಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ, ಮಗುವಿನ ತಂದೆತಾಯಿಗೂ ಗೊತ್ತಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದೇ ನನ್ನ ಉದ್ಯೋಗ. ಇಂಥ ಕೆಲಸವನ್ನು ನಿನಗೆ ಕೊಟ್ಟ ಪುಣ್ಯಾತ್ಮ ಯಾರು ಎಂದು ನಮ್ಮ ಯಜಮಾನರು ನಗುತ್ತಿದ್ದರು. ಮನೆಯಲ್ಲಿ ನನ್ನ ಬಾಯಿ ಮುಚ್ಚಿದ್ದನ್ನು ಅವರು ಕಂಡವರಲ್ಲ.

ಈಗ ನಿವೃತ್ತಳಾಗಿ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದೇನೆ. ನಮ್ಮವರ ಮಕ್ಕಳು ಕೆಲವರು ಇದೇ ಔಷಧಿ ಪರೀಕ್ಷೆಯ ಕೆಲಸಕ್ಕೆ ಸೇರಿದ್ದಾರೆ. ಯಾವ ಮಗುವಿಗೆ ಯಾವ ಬಾಟಲಿ ಎನ್ನುವುದನ್ನು ಅವರಿಗೆ ಕಂಪ್ಯೂಟರ್ ತೀರ್ಮಾನಿಸಿಕೊಡುತ್ತದೆ. ಹಬ್ಬಕ್ಕೆ ಮನೆಗೆ ಬಂದಾಗ "ಆಂಟಿ, ನಿಮ್ ಕಾಲದಲ್ಲಿ ಇದನ್ನೆಲ್ಲ ಹೆಂಗ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ, ನಾವು ಕಲ್ಲು ಉಜ್ಜಿ ಬೆಂಕಿ ಮಾಡುತ್ತಿದ್ದೆವೇನೋ ಎಂಬಂತೆ. ಅವರಿಗಾಗಿ ಇಷ್ಟನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದರಿಂದ ಅವರಿಗೆ ಏನೂ ಪ್ರಯೋಜನವಿಲ್ಲ. ನಾವು ಎಲ್ಲೆಲ್ಲಿ ಮುಗ್ಗರಿಸಿದೆವು ಎನ್ನುವುದರಿಂದ ಸ್ವಲ್ಪ ಇರಬಹುದು.

ಬೆಂಗಳೂರಿನಲ್ಲಿ ಫಾರ್ಮಸಿ ಓದಿ ಅರವತ್ತರ ದಶಕದ ಕೊನೆಯಲ್ಲಿ ಯಜಮಾನರ ಜೊತೆ ಶಿಕಾಗೋಗೆ ಬಂದೆ. ಈಗ ಸಾಲುಸಾಲು ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಆಗ ಒಂದು ಹಿಡಿ ತೊಗರಿಬೇಳೆಗೂ ಹುಡುಕಾಡಬೇಕಿತ್ತು. ಒಂದು ಆಸ್ಪತ್ರೆಯ ನೆಲಮಾಳಿಗೆಯ ಫಾರ್ಮಸಿಯಲ್ಲಿ ಕೆಲಸ ಸಿಕ್ಕಿತು. ಮೇಲಿನ ಮಹಡಿಯಲ್ಲಿ ಮಕ್ಕಳ ಡಾಕ್ಟರ್ ವಿಟ್ಲಾಕ್ ಇದ್ದರು. ಆರಡಿ ಮೀರಿದ ಮನುಷ್ಯ. ಮಕ್ಕಳ ಜೊತೆ ಮಾತಾಡುವಾಗ ನೆಲದ ಮೇಲೇ ಕೂರುತ್ತಿದ್ದರು. ನನ್ನ ಹೆಸರು ವತ್ಸಲಾ ಎನ್ನುವುದು ಅವರ ನಾಲಗೆಗೆ ದಕ್ಕಲಿಲ್ಲ. ಮೊದಲ ದಿನವೇ "ವ್ಯಾಲ್" ಮಾಡಿ ಕೈತೊಳೆದುಕೊಂಡರು.

ಅವರ ಹತ್ತಿರ ಬರುತ್ತಿದ್ದುದು ಕಾಲಿಗೆ ಚಕ್ರ ಕಟ್ಟಿಕೊಂಡಂಥ ಮಕ್ಕಳು. ಕುರ್ಚಿಯಲ್ಲಿ ಕೂರರು, ಟೀಚರ್ ಮಾತು ಮುಗಿಯುವ ಮೊದಲೇ ಎದ್ದಿರುತ್ತಾರೆ, ಶುರು ಮಾಡಿದ ಲೆಕ್ಕ ಮುಗಿಸರು. ಗಮನದ ಕೊರತೆ ಎಂದು ಈಗ ಕರೆಯುವ ಹೆಸರು ಆಗ ಇನ್ನೂ ಬಂದಿರಲಿಲ್ಲ. ಕೆಲವರು ಅತಿಚಟುವಟಿಕೆ ಎನ್ನುತ್ತಿದ್ದರು, ಇನ್ನು ಕೆಲವರು ಮಿದುಳಿನಲ್ಲಿ ಅಲ್ಪಸ್ವಲ್ಪ ದೋಷ ಎಂದು ಬರೆದುಕೊಡುತ್ತಿದ್ದರು. ಆ ಎರಡನೆಯದನ್ನು ಓದಿದ ತಾಯಂದಿರು ಕಾರಿಡಾರಿನಲ್ಲೇ ಅಳುತ್ತಿದ್ದರು. ಕೊಡುತ್ತಿದ್ದ ಔಷಧಿಯೋ, ದೊಡ್ಡವರಿಗೆ ಕೊಟ್ಟರೆ ನಿದ್ದೆ ಓಡಿಸಿ ಚುರುಕು ಮಾಡುವಂಥದ್ದು. ಕುಣಿಯುವ ಮಗುವಿಗೆ ಕುಣಿಸುವ ಔಷಧಿಯೇ ಎಂದು ಪ್ರತಿಯೊಬ್ಬ ತಾಯಿಯೂ ಕೇಳುತ್ತಿದ್ದಳು. ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಕೆಲವು ಮಕ್ಕಳಿಗೆ ಅದು ಹಿಡಿಸುತ್ತದೆ ಎನ್ನುವುದು ಗೊತ್ತಿತ್ತು. ಯಾವ ಮಕ್ಕಳಿಗೆ, ಎಷ್ಟು ಎನ್ನುವುದನ್ನು ತಿಳಿಯುವುದಕ್ಕೇ ಪರೀಕ್ಷೆ.

ಮೊದಮೊದಲು ಪರೀಕ್ಷೆ ಎಂದರೆ ಏನು? ಮಾತ್ರೆ ಕೊಡುವುದು, ಮುಂದಿನ ಭೇಟಿಯಲ್ಲಿ "ಈಗ ಹೇಗಿದ್ದಾನೆ" ಎಂದು ತಾಯಿಯನ್ನು ಕೇಳುವುದು. ಅಷ್ಟು ದೊಡ್ಡ ಡಾಕ್ಟರ್ ಅಷ್ಟು ವಿಶ್ವಾಸದಿಂದ ಕೇಳಿದರೆ ಯಾವ ತಾಯಿ ತಾನೇ ಇಲ್ಲ ಎಂದಾಳು? ಪರವಾಗಿಲ್ಲ ಡಾಕ್ಟರೇ ಎನ್ನುತ್ತಿದ್ದರು. ವಿಟ್ಲಾಕ್ ಖುಷಿಯಾಗಿ ಬರೆದುಕೊಳ್ಳುತ್ತಿದ್ದರು. ಜೊತೆಗೆ ಅವರಿಗೆ ತಮ್ಮ ಕಣ್ಣಿನ ಮೇಲೆ ಅಪಾರ ನಂಬಿಕೆ. ಮಗು ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಔಷಧಿ ತಗೊಂಡಿದೆಯೋ ಇಲ್ಲವೋ ಹೇಳುತ್ತೇನೆ ಎನ್ನುತ್ತಿದ್ದರು.

ಆಮೇಲೆ ಸಕ್ಕರೆಯ ಪದ್ಧತಿ ಬಂತು. ಪ್ರತಿ ಮಗುವಿಗೂ ಕೆಲವು ವಾರ ಔಷಧಿ, ಕೆಲವು ವಾರ ಸಕ್ಕರೆ. ಯಾವುದು ಮೊದಲು ಎನ್ನುವುದು ಫಾರ್ಮಸಿಗೆ ಮಾತ್ರ ಗೊತ್ತು. ಮೊದಲ ಸುತ್ತಿನಲ್ಲಿ ವಿಟ್ಲಾಕ್ ಪ್ರತಿ ಮಗುವಿನ ಬಗ್ಗೆ ತಮ್ಮ ಊಹೆಯನ್ನು ಕಪ್ಪುಹಲಗೆಯ ಮೇಲೆ ಬರೆದಿಟ್ಟರು. ಎಲ್ಲ ಮುಗಿದ ಮೇಲೆ ನಾನು ನನ್ನ ಗುಟ್ಟು ಬಿಚ್ಚಿದೆ. ಅವರ ಊಹೆ ಸರಿಯಾದಷ್ಟೇ ಸಲ ತಪ್ಪಿತ್ತು. ಅವರು ಎಲ್ಲರಿಗಿಂತ ಹೆಚ್ಚು ಮೆಚ್ಚಿಕೊಂಡಿದ್ದ ಹುಡುಗ ಸಕ್ಕರೆ ತಿಂದು ಸುಧಾರಿಸಿದ್ದ. ಅವರು ಹಲಗೆಯನ್ನು ತಾವೇ ಒರೆಸಿದರು. ಮಧ್ಯಾಹ್ನ ಊಟದ ತಟ್ಟೆ ಹಿಡಿದು ನನ್ನ ಹತ್ತಿರ ಬಂದು, ಇವತ್ತಿನಿಂದ ನನಗೆ ಏನೂ ಹೇಳಬೇಡ ವ್ಯಾಲ್, ನಾನು ಕೇಳಿದರೂ ಹೇಳಬೇಡ ಎಂದರು. ಅವತ್ತಿನಿಂದ ಅವರ ಮೇಲೆ ನನಗೆ ಗೌರವ ಹುಟ್ಟಿತು. ತಪ್ಪಿದೆನೆಂದು ಗೊತ್ತಾದ ಮೇಲೆ ಊಟ ಬಿಡದ ಗಂಡಸರು ಕಡಿಮೆ.

ಮುಂದಿನ ಎಡವಟ್ಟು ನಮ್ಮ ಫಾರ್ಮಸಿಯದೇ. ಔಷಧಿಯ ಪುಡಿ ಇಷ್ಟೇ ಇಷ್ಟು, ಕ್ಯಾಪ್ಸೂಲ್ ದೊಡ್ಡದು. ಸಕ್ಕರೆಯದನ್ನು ಗಟ್ಟಿಯಾಗಿ ತುಂಬುತ್ತಿದ್ದೆವು, ಔಷಧಿಯದು ಒಳಗೆ ಸಡಿಲ. ಒಬ್ಬ ಹುಡುಗ ಕ್ಯಾಪ್ಸೂಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಹೋದ ವಾರದ್ದು ಸದ್ದು ಮಾಡುತ್ತಿರಲಿಲ್ಲ, ಇದು ಮಾಡುತ್ತದೆ ಎಂದ. ವರ್ಷಗಟ್ಟಲೆ ಓದಿದ ನಾವೆಲ್ಲ ಆ ಕ್ಯಾಪ್ಸೂಲನ್ನು ಒಬ್ಬರಾದ ಮೇಲೊಬ್ಬರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆವು. ಆಮೇಲೆ ಔಷಧಿಗೂ ಸಕ್ಕರೆ ಬೆರೆಸಿ, ಎರಡನ್ನೂ ಪಿಂಗಾಣಿಯ ಪುಟ್ಟ ಒರಳಿನಲ್ಲಿ ಅರೆದು, ತೂಕ ಸಮ ಮಾಡಿ, ಒಂದೇ ಬಿಗಿಯಲ್ಲಿ ತುಂಬತೊಡಗಿದೆ. ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದ್ದು ಇದು: ಒಂದು ಜಾಗದಲ್ಲಿ ಸುಮ್ಮನೆ ಕೂರಲಾರದ ಮಗು ದಡ್ಡ ಮಗುವಲ್ಲ.

ವಾಚಿನ ಕಥೆಯನ್ನೂ ಹೇಳಿಬಿಡುತ್ತೇನೆ. ಕೈ ಆಡಿಸಿದರೆ ತಾನೇ ಕೀಲಿ ತುಂಬಿಕೊಳ್ಳುವ ವಾಚುಗಳಿದ್ದವಲ್ಲ, ಅವನ್ನು ಸ್ವಲ್ಪ ಬದಲಾಯಿಸಿ, ಮಗು ಎಷ್ಟು ಅಲ್ಲಾಡಿದರೆ ಮುಳ್ಳು ಅಷ್ಟು ಮುಂದೆ ಹೋಗುವಂತೆ ಮಾಡಿಕೊಂಡಿದ್ದೆವು. ಮನೆಗೂ ಕಟ್ಟಿ ಕಳಿಸುತ್ತಿದ್ದೆವು. ಒಬ್ಬ ಹುಡುಗನ ಮುಳ್ಳು ಯಾವ ಮನುಷ್ಯಮಾತ್ರದವರೂ ಓಡದಷ್ಟು ಓಡಿತ್ತು. ಔಷಧಿಯಿಂದ ಇವನಿಗೆ ಕೆಡುಕೇ ಆಗುತ್ತಿದೆ ಎಂದು ವಿಟ್ಲಾಕ್ ಗಾಬರಿಯಾಗಿ ಮನೆಗೆ ಫೋನ್ ಮಾಡಿದರು. ಅವನ ತಾಯಿ ಸಮಾಧಾನವಾಗಿ, ಶನಿವಾರದಿಂದ ಅದನ್ನು ನಮ್ಮ ನಾಯಿ ಕಟ್ಟಿಕೊಂಡಿದೆಯಲ್ಲ ಡಾಕ್ಟರೇ ಎಂದಳಂತೆ. ಅಲ್ಲಿಂದ ಮುಂದೆ ವಾಚು ಕ್ಲಿನಿಕ್ಕಿನ ಬಾಗಿಲು ದಾಟಲಿಲ್ಲ.

ಎಪ್ಪತ್ತರ ದಶಕ ಶುರುವಾದ ಮೇಲೆ ವಿಟ್ಲಾಕ್ ಡೆಟ್ರಾಯಿಟ್ಟಿನ ಉತ್ತರಕ್ಕೆ ಒಂದು ಸಬರ್ಬಿನಲ್ಲಿ ಮಕ್ಕಳ ಕ್ಲಿನಿಕ್ ನಡೆಸಲು ಹೊರಟರು. ನಮ್ಮ ಯಜಮಾನರಿಗೂ ಅಲ್ಲೇ ಕಾರಿನ ಕಂಪನಿಯೊಂದರಲ್ಲಿ ಕೆಲಸವಾಯಿತು. ಹಾಗಾಗಿ ನಾನೂ ನನ್ನ ಒರಳೂ ಅಲ್ಲಿಗೆ ಹೋದೆವು. ಅಲ್ಲಿಯೂ ನನಗೆ ಸಿಕ್ಕಿದ್ದು ನೆಲಮಾಳಿಗೆ, ಔಷಧಿ ಕೊಡುವ ಒಂದು ಕಿಟಕಿ. ಅಷ್ಟರಲ್ಲಿ ಪದ್ಧತಿ ಬಹಳ ಬಿಗಿಯಾಗಿತ್ತು. ಮಗು ಕತ್ತಲ ಕೋಣೆಯಲ್ಲಿ ಕೂತು ಪರದೆಯ ಮೇಲೆ ಮಿನುಗಿ ಮಾಯವಾಗುವ ಅಕ್ಷರಗಳನ್ನು ನೋಡಬೇಕು, ಹೇಳಿದ ಅಕ್ಷರ ಬಂದಾಗ ಮಾತ್ರ ಗುಂಡಿ ಒತ್ತಬೇಕು. ಶಾಲೆಯ ಟೀಚರ್ ಪ್ರತಿ ವಾರ ಮಗುವಿನ ನಡವಳಿಕೆಗೆ ಅಂಕ ಹಾಕಬೇಕು, ಮನೆಯಲ್ಲಿ ತಾಯಿಯೂ ಹಾಕಬೇಕು. ಮೂವರ ಲೆಕ್ಕವೂ ಒಂದಕ್ಕೊಂದು ತಾಳೆಯಾದರೆ ಮಾತ್ರ ನಾವು ನಂಬುತ್ತಿದ್ದೆವು. ಪತ್ರಿಕೆಗಳಲ್ಲಿ ಶಾಲೆಯ ಮಕ್ಕಳಿಗೆ ಡಾಕ್ಟರುಗಳು ಮಾತ್ರೆ ತಿನ್ನಿಸಿ ಸುಮ್ಮನಾಗಿಸುತ್ತಿದ್ದಾರೆ ಎಂದು ಗಲಾಟೆ ಎದ್ದಿದ್ದ ಕಾಲ ಅದು. ಪ್ರಿನ್ಸಿಪಾಲರುಗಳು ನಮ್ಮನ್ನು ಕಂಡರೆ ಮೂಗು ಮುರಿಯುತ್ತಿದ್ದರು.

ಅಲ್ಲಿಗೆ ಬಂದವಳು ಮಾಲಿನಿ. ಎಂಟು ವರ್ಷದ ಹುಡುಗಿ. ಅವಳ ಅಪ್ಪ ನಾಗರಾಜ್ ನಮ್ಮ ಯಜಮಾನರ ಕಂಪನಿಯಲ್ಲೇ ಎಂಜಿನಿಯರ್, ಅಮ್ಮ ಕಮಲಾ ಮೈಸೂರಿನವರು. ಕನ್ನಡದವರು ಸೇರುತ್ತಿದ್ದ ಹಬ್ಬದೂಟಗಳಲ್ಲಿ ನಮಗೆ ಪರಿಚಯ. ಆ ಊಟಗಳಲ್ಲಿ ಮಾಲಿನಿ ಒಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ಒಂದು ಹಪ್ಪಳ ಮುಗಿಸುವಷ್ಟರಲ್ಲಿ ಹಾಲ್ ತುಂಬ ಮೂರು ಸುತ್ತು ಬರುತ್ತಿದ್ದಳು. ನೋಡಿದ ಆಂಟಿಯರು ಕಮಲಾ ಮಗಳನ್ನು ಮುದ್ದು ಮಾಡಿದ್ದು ಜಾಸ್ತಿಯಾಯಿತು ಎಂದು ಕೇಳಿಸುವಂತೆಯೇ ಹೇಳುತ್ತಿದ್ದರು. ಕಮಲಾ ತಲೆ ತಗ್ಗಿಸಿ ಬಡಿಸುತ್ತಿದ್ದರು. ಶಾಲೆಯಲ್ಲಿ ಬೇಸಿಗೆ ರಜೆಗೆ ಮೊದಲು ಒಂದು ಮೀಟಿಂಗ್ ಇತ್ತು. ಅದರಲ್ಲಿ ಮಾಲಿನಿಯನ್ನು ಬೇರೆ ಕಟ್ಟಡದ ಬೇರೆ ತರಗತಿಗೆ, ಕಲಿಯಲಾರದವರೆಂದು ಬದಿಗಿಟ್ಟ ಮಕ್ಕಳ ಜೊತೆಗೆ, ಹಾಕುವ ತೀರ್ಮಾನವಾಗಲಿತ್ತು. ಆ ಕಟ್ಟಡಕ್ಕೆ ಹೋಗಿ ಹಿಂದಿರುಗಿದ ಮಗುವನ್ನು ನಾನು ಕಂಡಿರಲಿಲ್ಲ. ನಮ್ಮ ಪರೀಕ್ಷೆಯಲ್ಲಿ ಔಷಧಿ ಹಿಡಿಸುತ್ತದೆಂದು ಸ್ಪಷ್ಟವಾದರೆ ಅವಳನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ, ಬರೀ ತಾಯಿಯ ಮಾತಿನ ಮೇಲೆ ಆಗುವುದಿಲ್ಲ ಎಂದು ಪ್ರಿನ್ಸಿಪಾಲ್ ವಿಟ್ಲಾಕರಿಗೆ ಹೇಳಿದ್ದರು.

ಮಾಲಿನಿಗೆ ಮೊದಲ ಬಾಟಲಿ ಕೊಟ್ಟೆ. ಕೆಲವು ವಾರದ ನಂತರ ಎರಡನೆಯದು. ಅದು ಮುಗಿಯುವ ಹೊತ್ತಿಗೆ ಕಮಲಾ ಬಾಟಲಿ ಹಿಂದಿರುಗಿಸಲು ನನ್ನ ಕಿಟಕಿಗೆ ಬಂದರು. ಮುಖ ಅರಳಿತ್ತು. ಸುತ್ತ ಯಾರಿಗೂ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೂ ದನಿ ತಗ್ಗಿಸಿದರು.

"ವತ್ಸಲಾ ಅವ್ರೇ, ಮೊದಲ್ನೇ ಬಾಟ್ಲೀದು ಬರೀ ಸಕ್ರೆ, ಎರಡನೇದು ಔಷ್ಧಿ. ಅಲ್ವಾ?"

"ಯಾರ್ ಹೇಳಿದ್ರು ನಿಮ್ಗೆ?"

"ಯಾರ್ ಹೇಳ್ಬೇಕು? ನಂಗೆ ನಾಲ್ಗೆ ಇಲ್ವಾ?"

ಆಗಿದ್ದು ಇಷ್ಟು. ಯುಗಾದಿಯ ಊಟದಲ್ಲಿ ಯಾರೋ ಇಲ್ಲಿಯ ಜೆಲ್ಲಿಯಲ್ಲಿ ಮೂಳೆ ಬೇಯಿಸಿ ತೆಗೆದ ಅಂಟು ಇರುತ್ತದೆ, ಕ್ಯಾಪ್ಸೂಲಿನ ಸಿಪ್ಪೆಯೂ ಅದರದ್ದೇ ಎಂದು ಮಾತು ತೆಗೆದಿದ್ದರು. ಔಷಧಿಗೆ ದೋಷವಿಲ್ಲ ಎಂದು ನಾಗರಾಜ್ ಎಷ್ಟು ಹೇಳಿದರೂ ಕಮಲಾಗೆ ಸಮಾಧಾನವಾಗಲಿಲ್ಲ. ನಾನೂ ಸಸ್ಯಾಹಾರಿಯೇ. ದಿನವಿಡೀ ಅದೇ ಸಿಪ್ಪೆಗಳ ಮಧ್ಯೆ ಕೂತಿದ್ದು, ಕೆಲಸ ಕೆಲಸ, ಊಟ ಊಟ ಎಂದು ಎರಡನ್ನೂ ಬೇರೆಬೇರೆ ಇಟ್ಟಿದ್ದೆ. ಕಮಲಾ ಹಾಗೆ ಇಡುವವರಲ್ಲ. ಅವರು ಕ್ಯಾಪ್ಸೂಲ್ ಬಿಚ್ಚಿ, ಸಿಪ್ಪೆ ಎಸೆದು, ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಮಗಳಿಗೆ ನೆಕ್ಕಿಸತೊಡಗಿದರು. ಊರಿನಲ್ಲಿ ಬಜೆಯನ್ನೋ ಜಾಯಿಕಾಯಿಯನ್ನೋ ಸಾಣೆಕಲ್ಲಿನ ಮೇಲೆ ತೇಯ್ದು ಕೊಡುವಾಗ ತಾಯಿ ಮೊದಲು ತನ್ನ ನಾಲಗೆಗೆ ಮುಟ್ಟಿಸಿಕೊಳ್ಳುತ್ತಾಳಲ್ಲ, ಮಗುವಿಗೆ ಖಾರವಾದೀತೋ ಎಂದು, ಹಾಗೆ ಇಲ್ಲಿಯೂ ಮುಟ್ಟಿಸಿಕೊಂಡರು. ನೈವೇದ್ಯವಾಗದೆ ಅಡುಗೆಯ ಉಪ್ಪನ್ನು ಎಂದೂ ರುಚಿ ನೋಡದ ಹೆಂಗಸು ಮಗಳ ಔಷಧಿಯನ್ನು ಮಾತ್ರ ರುಚಿ ನೋಡದೆ ಕೊಡಲಿಲ್ಲ. ಸಕ್ಕರೆ ಸಿಹಿ, ಔಷಧಿ ಕಹಿ. ಬಣ್ಣ, ತೂಕ, ಸದ್ದು ಎಲ್ಲವನ್ನೂ ಸಮ ಮಾಡಿದ್ದ ನಮಗೆ ಕ್ಯಾಪ್ಸೂಲ್ ಬಿಚ್ಚುವ ತಾಯಿ ಹೊಳೆದಿರಲಿಲ್ಲ.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮುಖವನ್ನು ಗೋಡೆ ಮಾಡಿಕೊಂಡು ಬಾಟಲಿ ತೆಗೆದುಕೊಂಡೆ. ಆದರೆ ಅವರು ಮುಂದೆ ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ಮೊನ್ನೆ ಸ್ಕೂಲಿಂದ ಬಂದೋಳು, 'ಮಿಸೆಸ್ ಪೋರ್ಟರ್ ಹೇಳಿದ್ದು ಇವತ್ತು ಕೊನೇ ತನಕ ಕೇಳಿಸ್ತಮ್ಮ' ಅಂದ್ಲು. ಇಷ್ಟು ದಿನ ಮಧ್ಯದಲ್ಲೇ ಕಟ್ಟಾಗ್ತಿತ್ತಂತೆ. ನಾನು ಎಷ್ಟ್ ಬೈದಿದೀನಿ ಗೊತ್ತಾ ಅವಳನ್ನ, ಹೇಳಿದ್ದು ಕೇಳಲ್ಲ ಅಂತ?"

ಇನ್ನೊಂದು ಮಾತನ್ನೂ ಹೇಳಿದರು. ಆ ವಾರಗಳಲ್ಲಿ ಮಧ್ಯಾಹ್ನದ ಊಟದ ಡಬ್ಬಿ ಮುಟ್ಟದೆ ವಾಪಸ್ ಬರುತ್ತಿತ್ತು. ಈ ಔಷಧಿ ಹಸಿವನ್ನು ಕೊಲ್ಲುತ್ತದೆ. ಉಂಡರೆ ಕೇಳಿಸುವುದಿಲ್ಲ, ಕೇಳಿಸಿದರೆ ಉಣ್ಣುವುದಿಲ್ಲ, ಇದೆಂಥ ಔಷಧಿ ಎಂದು ಅವರಿಗೆ ಒಂದು ಕಡೆ ಸಂಕಟ. ಆದರೂ ಆವತ್ತು ಅವರು ಸಂತೋಷವಾಗಿಯೇ ಹೋದರು.

ನಾನು ಮೇಲೆ ಹೋಗಿ ವಿಟ್ಲಾಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾವುದು ಯಾವುದೆಂದು ತಾಯಿಗೆ ಗೊತ್ತಾಗಿದೆ ಎಂದರೆ ಆ ಮಗುವನ್ನು ಪರೀಕ್ಷೆಯಿಂದ ಕೈಬಿಡಬೇಕು, ನಿಯಮ ಅದು. ಕೈಬಿಟ್ಟರೆ ಶಾಲೆಗೆ ಕೊಡಲು ಫಲಿತಾಂಶವಿಲ್ಲ. ಟೀಚರಿಗೆ ಪುಡಿಯ ರುಚಿ ಗೊತ್ತಿಲ್ಲವಲ್ಲ, ಅವರ ಅಂಕಗಳನ್ನು ಇಟ್ಟುಕೊಳ್ಳಿ ಎಂದು ನಾನು ವಾದಿಸಿದೆ. ಇದು ನಿಜವಾದ ಔಷಧಿ ಎಂದು ಖುಷಿಯಾದ ತಾಯಿ ಬೆಳಿಗ್ಗೆ ಮಗಳನ್ನು ಶಾಲೆಗೆ ಹೇಗೆ ಕಳಿಸಿದಳೋ, ಆ ಖುಷಿ ಮಗುವಿಗೆ ಏನು ಮಾಡಿತೋ, ನಿನಗೆ ಗೊತ್ತೇ ಎಂದು ಅವರು ಕೇಳಿದರು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ಸಿಟ್ಟಿನಲ್ಲೇ ಒಂದು ದಾರಿ ಹೊಳೆಯಿತು. ಕ್ಯಾಪ್ಸೂಲೇ ಬೇಡ. ಬೆಂಗಳೂರಿನಲ್ಲಿ ನಮಗೆ ಮೊದಲು ಕಲಿಸಿದ್ದು ಪುಡಿಯನ್ನು ಕಾಗದದಲ್ಲಿ ಮಡಚಿ ಪೊಟ್ಟಣ ಕಟ್ಟುವುದು. ಎರಡೂ ಬಗೆಯ ಪುಡಿಗೆ, ಮಗುವಿಗೆ ತೊಂದರೆಯಾಗದಷ್ಟು, ಚಿಟಿಕೆಗೂ ಕಡಿಮೆ ಕ್ವಿನೈನ್ ಸೇರಿಸಿ ಎರಡನ್ನೂ ಒಂದೇ ಸಮ ಕಹಿ ಮಾಡುವುದು. ಮಾಲಿನಿಗೆ ಎರಡೂ ಸುತ್ತನ್ನು ಮತ್ತೆ ಕೊಡುವುದು. ಶಾಲೆಯ ಮೀಟಿಂಗಿಗೆ ಅಷ್ಟು ಸಮಯವಿತ್ತು. ವಿಟ್ಲಾಕ್ ಒಪ್ಪಿದರು. ತಾಯಿ ಒಪ್ಪಿದರೆ ಎಂದರು.

ಕಮಲಾರನ್ನು ಕರೆಸಿ ಎಲ್ಲವನ್ನೂ ಬಿಡಿಸಿ ಹೇಳಿದೆವು. ಈ ಸಲ ನಾಲಗೆ ಏನೂ ಹೇಳುವುದಿಲ್ಲ, ಕೆಲವು ವಾರ ಇದರಲ್ಲಿ ಔಷಧಿ ಇರುವುದಿಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ನಾಗರಾಜ್ ತಲೆಯಾಡಿಸಿದರು. ಕಮಲಾ ವಿಟ್ಲಾಕರನ್ನು ಬಿಟ್ಟು ನನ್ನನ್ನೇ ನೋಡಿದರು.

"ಯಾವ್ದು ಔಷ್ಧಿ ಅಂತ ನಂಗೀಗ ಗೊತ್ತು. ಗೊತ್ತಿದ್ದೂ ನನ್ ಮಗೂಗೆ ಮತ್ತೆ ಸಕ್ರೆ ತಿನ್ನಿಸ್ಲಾ? ಅವಳು ಅಲ್ಲಿ ಕೂತ್ಕೊಂಡು ಮತ್ತೆ ಏನೂ ಕೇಳಿಸ್ದೆ ಬೈಸ್ಕೊಳ್ಳಿ ಅಂತೀರಾ?"

ಶಾಲೆಯವರು ನಂಬಬೇಕೆಂದರೆ ಇದೊಂದೇ ದಾರಿ ಎಂದೆ. ಕೊನೆಗೆ ಅವರು ಹೂಂ ಎಂದರು. ಆ ಹೂಂನಲ್ಲಿ ನನ್ನ ಮೇಲೆ ಪ್ರೀತಿಯೇನೂ ಇರಲಿಲ್ಲ.

ಯಾವ ಪೊಟ್ಟಣ ಮೊದಲು ಎಂದು ಚೀಟಿ ಎತ್ತಿದೆ. ಸಕ್ಕರೆ ಬಂತು. ಇನ್ನೊಮ್ಮೆ ಎತ್ತಲು ಬಹಳ ಮನಸ್ಸಾಯಿತು. ಯಾರೂ ನೋಡುತ್ತಿರಲಿಲ್ಲ. ಎತ್ತಲಿಲ್ಲ. ಪೊಟ್ಟಣಗಳನ್ನು ಕಟ್ಟಿ, ಎರಡೂ ಬಗೆಯದನ್ನು ನನ್ನ ನಾಲಗೆಗೂ ಮುಟ್ಟಿಸಿಕೊಂಡೆ. ಒಂದೇ ಕಹಿ.

ಆ ಸಕ್ಕರೆಯ ವಾರಗಳು ಕೆಟ್ಟದಾಗಿ ಹೋದವು. ಮಾಲಿನಿ ಪಾಠದ ಮಧ್ಯೆ ಎದ್ದು ಕಿಟಕಿಯ ಹತ್ತಿರ ಹೋಗುವಾಗ ಬಣ್ಣದ ಡಬ್ಬಿಯನ್ನು ಇನ್ನೊಂದು ಮಗುವಿನ ಮೇಲೆ ಚೆಲ್ಲಿದಳು. ಆ ಮಗುವಿನ ತಾಯಿ ಶಾಲೆಗೆ ಬಂದು ಕೂಗಾಡಿದಳು. ಪ್ರಿನ್ಸಿಪಾಲ್ ಫೋನ್ ಮಾಡಿ, ಇನ್ನು ಕಾಯುವುದು ಬೇಡ, ಮೀಟಿಂಗನ್ನು ಈ ವಾರವೇ ಮಾಡಿಬಿಡೋಣ ಎಂದರು. ವಿಟ್ಲಾಕ್ ನೆಲಮಾಳಿಗೆಗೆ ಇಳಿದು ಬಂದು ನನ್ನ ಕಿಟಕಿಯ ಮುಂದೆ ನಿಂತರು. ಈಗ ಕೊಡುತ್ತಿರುವುದು ಸಕ್ಕರೆಯೇನು ವ್ಯಾಲ್, ಅಷ್ಟು ಹೇಳು, ಪ್ರಿನ್ಸಿಪಾಲಿಗೆ ಏನಾದರೂ ಹೇಳಿ ತಡೆಯುತ್ತೇನೆ ಎಂದರು. ನಾನು ಅವರದೇ ಮಾತನ್ನು ಅವರಿಗೆ ನೆನಪಿಸಿದೆ. ಅವರು ಕೆಂಪಾಗಿ ಮೆಟ್ಟಿಲು ಹತ್ತಿ ಹೋದರು. ಕೊನೆಗೆ ತಡೆದವರು ಟೀಚರ್ ಮಿಸೆಸ್ ಪೋರ್ಟರ್. ಶಿಸ್ತಿನ ಹೆಂಗಸು, ಮಾಲಿನಿಯಿಂದ ಅವರಿಗೆ ಸಾಕಾಗಿತ್ತು. ಆದರೆ ಅಂಕ ಹಾಕುತ್ತೇನೆಂದು ಮಾತು ಕೊಟ್ಟಿದ್ದೇನೆ, ಪೂರ್ತಿ ಹಾಕಿಯೇ ಬಿಡುತ್ತೇನೆ ಎಂದರಂತೆ. ಪ್ರಿನ್ಸಿಪಾಲ್ ಸುಮ್ಮನಾದರು.

ಅದೇ ವಾರ ಕಮಲಾ ಬಂದರು. ಸೊರಗಿದ್ದರು.

"ನೀವೇ ಕಟ್ಟಿರೋ ಪೊಟ್ಟಣ. ಹೌದು ಅನ್ಬೇಡಿ, ಅಲ್ಲ ಅನ್ಬೇಡಿ. ಸುಮ್ನೆ ಒಂದ್ಸಲ ನನ್ ಮುಖ ನೋಡಿ ಸಾಕು. ನಾನೇ ತಿಳ್ಕೋತೀನಿ."

ನಾನು ಮುಖ ತಿರುಗಿಸಿ ಶೆಲ್ಫಿನ ಕಡೆ ನೋಡಿದೆ. "ನಮ್ಮೋರು ಅಂದ್ಕೊಂಡಿದ್ದೆ ನಿಮ್ಮನ್ನ" ಎಂದು ಹೇಳಿ ಅವರು ಹೋದರು. ಅವರ ಕಾರು ಹೊರಟ ಸದ್ದು ಕೇಳಿದ ಮೇಲೆ ನಾನು ಅತ್ತೆ. ಹೇಳಿದ್ದರೆ ಅವರು ಉಳಿದ ಪೊಟ್ಟಣಗಳನ್ನು ಸಿಂಕಿಗೆ ಸುರಿಯುತ್ತಿದ್ದರು, ಮಗಳನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿ ಅದರ ಜೊತೆಗೇ ಹೋಗುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಅಳು ಕಡಿಮೆಯೇನೂ ಆಗಲಿಲ್ಲ.

ಎರಡನೆಯ ಕಂತಿನ ಪೊಟ್ಟಣಗಳನ್ನು ತೆಗೆದುಕೊಳ್ಳಲು ನಾಗರಾಜ್ ಒಬ್ಬರೇ ಬಂದರು. ಮೀಟಿಂಗಿನ ಹಿಂದಿನ ದಿನ ಪರೀಕ್ಷೆ ಮುಗಿಯಿತು. ವಿಟ್ಲಾಕ್ ಟೀಚರ ಅಂಕಗಳನ್ನೂ ಅಕ್ಷರದ ಪರದೆಯ ಫಲಿತಾಂಶವನ್ನೂ ಮೇಜಿನ ಮೇಲೆ ಹರಡಿ, ಆಮೇಲೆ ನನ್ನ ಕಡೆ ನೋಡಿ, ಈಗ ಹೇಳು ಎಂದರು. ಹೇಳಿದೆ. ಎರಡೂ ಸುತ್ತುಗಳಲ್ಲಿ ಆ ಎರಡೂ ಲೆಕ್ಕಗಳು ತಾಳೆಯಾಗಿದ್ದವು. ಸಕ್ಕರೆಯ ವಾರಗಳಲ್ಲಿ ಮೊದಲಿದ್ದ ಹುಡುಗಿ, ಔಷಧಿಯ ವಾರಗಳಲ್ಲಿ ಬೇರೆ ಹುಡುಗಿ. ಕಹಿ ಎರಡರಲ್ಲೂ ಇತ್ತು. ಅವರು ಮರುದಿನ ಶಾಲೆಗೆ ಹೋಗಿ ಇಷ್ಟನ್ನು ಮುಂದಿಟ್ಟರು. ಮಾಲಿನಿ ಮಿಸೆಸ್ ಪೋರ್ಟರ್ ತರಗತಿಯಿಂದ ಎಲ್ಲರ ಹಾಗೆ ಮುಂದಿನ ತರಗತಿಗೆ ಹೋದಳು. ಔಷಧಿಯ ಪ್ರಮಾಣ ಇಳಿಸಿ, ಬೆಳಗಿನ ತಿಂಡಿ ಹೊಟ್ಟೆ ತುಂಬ ತಿನ್ನಿಸಿದ ಮೇಲೆ ಕೊಡುವಂತೆ ಮಾಡಿದೆವು. ಊಟದ ಡಬ್ಬಿ ಅರ್ಧದಷ್ಟಾದರೂ ಖಾಲಿಯಾಗಿ ಬರತೊಡಗಿತು. ನಾಗರಾಜ್ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಕಮಲಾ ಮಾಡಲಿಲ್ಲ. ಆ ವರ್ಷದ ದೀಪಾವಳಿ ಊಟದಲ್ಲಿ ನನ್ನ ಎಲೆಗೆ ಬಡಿಸುವಾಗಲೂ ಮಾತಾಡಲಿಲ್ಲ.

ಎಲ್ಲ ಮಕ್ಕಳಿಗೂ ಹೀಗಾಯಿತು ಎಂದು ತಿಳಿಯಬೇಡಿ. ಕೆಲವರಿಗೆ ಔಷಧಿ ಏನೂ ಮಾಡಲಿಲ್ಲ. ಕೆಲವರು ಮಂಕಾಗಿ ಕೂತುಬಿಟ್ಟರು, ಅಂಥವರಿಗೆ ನಿಲ್ಲಿಸಿದೆವು. ಮಗು ಸುಮ್ಮನೆ ಕೂತಿದೆ ಎಂದು ಸಂತೋಷಪಡುವ ಟೀಚರನ್ನು, ಮಗು ನಗುತ್ತಿದೆಯಾ ಎಂದೂ ಕೇಳಬೇಕೆಂದು ಕಲಿತದ್ದು ನಿಧಾನವಾಗಿ. ನಮ್ಮ ಕ್ಲಿನಿಕ್ಕಿನಲ್ಲಿ ಆಮೇಲೆ ಸಕ್ಕರೆಯನ್ನೂ ಕಹಿ ಮಾಡಿಯೇ ಕೊಡುತ್ತಿದ್ದೆವು. ಮೊದಲ ದಿನವೇ, ಇದನ್ನು ಮನೆಯಲ್ಲಿ ಮಗುವಿಗೆ ಹೇಗೆ ತಿನ್ನಿಸುತ್ತೀರಿ ಎಂದು ಕೇಳುವ ಪದ್ಧತಿಯೂ ಬಂತು. ಒಬ್ಬಳು ಮೀಟ್‌ಬಾಲಿನಲ್ಲಿ ಎಂದಳು, ಇನ್ನೊಬ್ಬಳು ಐಸ್‌ಕ್ರೀಮಿನಲ್ಲಿ ಎಂದಳು. ಒಪ್ಪಿಗೆಯ ಪತ್ರ ಒಂದು ಸಾಲಿನಿಂದ ಶುರುವಾಗಿ ಹಲವು ಪುಟಗಳಿಗೆ ಬೆಳೆಯಿತು. ಬೆಳೆದದ್ದು ಒಳ್ಳೆಯದೇ. ಈಗಂತೂ ಗಿಡಮೂಲದ ಕ್ಯಾಪ್ಸೂಲುಗಳೇ ಬಂದಿವೆ. ಹೊಸಬರಿಗೆ ಒಂದೇ ಮಾತು: ನಿಮ್ಮ ಕಂಪ್ಯೂಟರ್ ಎಷ್ಟೇ ಗುಟ್ಟು ಕಾಯಲಿ, ಔಷಧಿ ಕೊನೆಗೆ ಹೋಗುವುದು ಒಂದು ಅಡುಗೆಮನೆಗೆ. ಆ ಅಡುಗೆಮನೆ ಹೇಗಿದೆ ಎಂದು ಕೇಳಿ.

ಕಾಲ ಕಳೆದಂತೆ ಕಮಲಾ ಮಾತಾಡತೊಡಗಿದರು. ಸೀರೆ, ಚಳಿ, ಯಾರದೋ ಮದುವೆ, ಇಂಥವನ್ನೇ. ಆ ಪೊಟ್ಟಣಗಳ ವಿಷಯ ನಮ್ಮಿಬ್ಬರ ಮಧ್ಯೆ ಬರಲೇ ಇಲ್ಲ. ನಾವು ಶಿಕಾಗೋ ಕಡೆಗೆ ಹಿಂದಿರುಗಿದೆವು. ಎಷ್ಟೋ ವರ್ಷಗಳ ಮೇಲೆ ಮಾಲಿನಿಯೂ ಗಂಡನ ಜೊತೆ ಅಲ್ಲಿಗೆ ಹತ್ತಿರದ ಪ್ಲೇನ್‌ಫೀಲ್ಡಿನಲ್ಲಿ ಮನೆ ಮಾಡಿದಳು. ಗೃಹಪ್ರವೇಶಕ್ಕೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ನನ್ನನ್ನೂ ಕರೆದಳು. ಕಮಲಾ ಡೆಟ್ರಾಯಿಟ್ಟಿನಿಂದ ಬಂದು ಅಡುಗೆಮನೆಯನ್ನು ವಶಪಡಿಸಿಕೊಂಡಿದ್ದರು.

ಪೂಜೆ ಶುರುವಾಗುವ ಮೊದಲು ಮಾಲಿನಿ ನನ್ನ ಪಕ್ಕದಲ್ಲಿ ಬಂದು ಕೂತಳು. ಈಗಲೂ ಒಂದು ಕಾಲು ಅಲ್ಲಾಡುತ್ತಲೇ ಇತ್ತು. ಎಲ್ಲರಿಗೂ ಇರುವಷ್ಟು ಸುಖದುಃಖ ಅವಳಿಗೂ ಇದೆ, ಒಳ್ಳೆಯ ಕೆಲಸವಿದೆ. ಔಷಧಿಯನ್ನು ಹೈಸ್ಕೂಲಿನಲ್ಲೇ ಬಿಟ್ಟಿದ್ದಳು. ನೆನಪಿದೆಯೇನೇ ಆ ಕಾಲ ಎಂದು ಕೇಳಿದೆ.

"ನಂಗೆ ನೆನಪಿರೋದು ಜೇನುತುಪ್ಪ ಅಷ್ಟೇ ಆಂಟಿ," ಎಂದಳು. "ಒಂದ್ಸಲ, ಪೇಪರ್ ಪ್ಯಾಕೆಟ್ ಬರ್ತಿತ್ತಲ್ಲ, ಆಗ ಅಮ್ಮ ದಿನಾ ಬೆಳಿಗ್ಗೆ ಅಳ್ತಾ ಅಳ್ತಾ ನೆಕ್ಕಿಸ್ತಿದ್ರು. ಕಹಿ ತಿನ್ನಿಸ್ಬೇಕಲ್ಲ, ಅದಕ್ಕೇ ಅಳ್ತಾರೆ ಅಂತ ನಾನು ಬೇಗ ನುಂಗ್ತಿದ್ದೆ. ಆಮೇಲೆ ಒಂದಿನ ಅಳೋದು ನಿಲ್ಸಿದ್ರು. ಅವಾಗ್ಲೇ ನಂಗೆ ಮಿಸೆಸ್ ಪೋರ್ಟರ್ ಮಾತು ಮತ್ತೆ ಕೇಳ್ಸೋಕೆ ಶುರುವಾಗಿದ್ದು. ಅಮ್ಮ ಅಳ್ದೇ ಇರೋದೇ ಮೆಡಿಸಿನ್ ಅಂತ ನಾನು ಎಷ್ಟ್ ವರ್ಷ ಅಂದ್ಕೊಂಡಿದ್ದೆ ಗೊತ್ತಾ?"

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ನಡೆದದ್ದು ಹಿಂದುಮುಂದಾಗಿತ್ತು. ಮೊದಲು ಅವಳಿಗೆ ಕೇಳಿಸಿದೆ, ಆಮೇಲೆ ಕಮಲಾ ಅಳು ನಿಲ್ಲಿಸಿದ್ದಾರೆ. ನಾನು ಅದನ್ನು ತಿದ್ದಲಿಲ್ಲ. ನಾನು ಮುಖ ತೋರಿಸದಿದ್ದರೂ ಆ ವಾರಗಳಲ್ಲಿ ಕೈಯಲ್ಲಿರುವುದು ಬರೀ ಸಕ್ಕರೆ ಎಂದು ಕಮಲಾಗೆ ಗೊತ್ತಿತ್ತು. ಮಗಳು ಶಾಲೆಯಿಂದ ಬಂದು ಕೇಳಿಸಲಿಲ್ಲ ಎಂದಾಗಲೇ ಗೊತ್ತಾಗಿತ್ತು, ಖಾಲಿಯಾದ ಊಟದ ಡಬ್ಬಿ ನೋಡಿದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಒಂದು ಪೊಟ್ಟಣವನ್ನೂ ಎಸೆಯದೆ, ಒಂದು ದಿನವನ್ನೂ ತಪ್ಪಿಸದೆ, ಕೊಟ್ಟ ಮಾತಿನಂತೆ ಮಗಳಿಗೆ ನೆಕ್ಕಿಸಿದ್ದರು. ಗುಟ್ಟು ಕಾಯುವುದು ನನ್ನ ಉದ್ಯೋಗವೆಂದು ನಾನು ಬೀಗಿಕೊಂಡಿದ್ದೆ. ಅದೇ ಕೆಲಸವನ್ನು ಅವರು ಸಂಬಳವಿಲ್ಲದೆ, ಮಗಳನ್ನೇ ಎದುರಿಗಿಟ್ಟುಕೊಂಡು ಮಾಡಿದ್ದರು.

ನೈವೇದ್ಯವಾಯಿತು, ಮಂಗಳಾರತಿಯಾಯಿತು. ನಾನು ಅಡುಗೆಮನೆಗೆ ಹೋದೆ. ಕಮಲಾರಿಗೆ ಏನೋ ಹೇಳಬೇಕೆಂದುಕೊಂಡು ಹೋದೆ. ಅವರು ನನ್ನ ಮುಖ ನೋಡಿದರು, ಬಾಗಿಲ ಆಚೆ ಕೂತಿದ್ದ ಮಗಳನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಒಂದು ಸೌಟು ಸಾರನ್ನು ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

"ಉಪ್ಪು ಸರಿ ಇದ್ಯಾ ನೋಡಿ. ನಾನ್ ರುಚಿ ನೋಡಿಲ್ಲ, ನಂಗೊತ್ತಿಲ್ಲ. ಈ ಸಲನಾದ್ರೂ ಹೇಳ್ಬಿಡಿ."

ಕುಡಿದು ನೋಡಿದೆ. ಉಪ್ಪು ಸ್ವಲ್ಪ ಕಡಿಮೆಯಿತ್ತು. ಕಡಿಮೆಯಿದೆ ಎಂದು ಹೇಳಿದೆ.